ತಂತಿಗಿಂತ ಮೊದಲು ಬಂದ ಬ್ಯಾಟರಿ: ಘಟಪ್ರಭೆಯ ದಂಡೆಯ ಮೂರು ತಾಲ್ಲೂಕುಗಳು

ಘಟಪ್ರಭಾ ನದಿ ಗೋಕಾಕದ ಹತ್ತಿರ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಈ ನೀರಿನ ಬಲವನ್ನು ನಂಬಿಯೇ 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು, ಜಲಪಾತದ ಮಗ್ಗುಲಲ್ಲಿ ನೂಲಿನ ಗಿರಣಿ ಎದ್ದಿತು. ಇಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದ ವರ್ಷವೆಂದು 1887 ದಾಖಲಾಗಿದೆ. ಡಾರ್ಜಿಲಿಂಗ್‌ನ ಜಲವಿದ್ಯುತ್ ಕೇಂದ್ರ 1897ರದು, ಶಿವನಸಮುದ್ರದ್ದು 1902ರದು. ದೇಶದ ವಿದ್ಯುತ್ ಚರಿತ್ರೆಯಲ್ಲಿ ಗೋಕಾಕಕ್ಕೆ ಇಷ್ಟು ಮುಂಚಿನ ಸ್ಥಾನವಿದ್ದರೂ ಆ ಶಕ್ತಿ ದುಡಿದದ್ದು ಗಿರಣಿಗಾಗಿ. ಸುತ್ತಲಿನ ಹಳ್ಳಿಗಳು ಕಂದೀಲು, ಚಿಮಣಿಗಳ ಬೆಳಕಿನಲ್ಲೇ ಉಳಿದವು. ಅಲ್ಲಿನ ಬಹಳಷ್ಟು ಮನೆಗಳಿಗೆ ವಿದ್ಯುತ್ ಮೊದಲು ಕಾಲಿಟ್ಟದ್ದು ತಂತಿಯ ಮೂಲಕವಲ್ಲ, ಬ್ಯಾಟರಿಯ ಮೂಲಕ. ಗಿರಣಿಯ ಚರಿತ್ರೆಗೆ ಸಿಕ್ಕ ಗಮನದಲ್ಲಿ ಕಾಲುಪಾಲೂ ಈ ಬ್ಯಾಟರಿಗೆ ಸಿಕ್ಕಿಲ್ಲ.

ಈ ಬ್ಯಾಟರಿಗೆ ಮೂಲವಾದ, ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಕೋಶದಲ್ಲಿ ನವಸಾಗರದ ದ್ರಾವಣವಿತ್ತು. ಅಲುಗಾಡಿದರೆ ಚೆಲ್ಲುತ್ತಿತ್ತು. ಜರ್ಮನಿಯ ಕಾರ್ಲ್ ಗ್ಯಾಸ್ನರ್ ಅದನ್ನು ಕಣಕದಂತೆ ಗಟ್ಟಿಮಾಡಿ, ಸತುವಿನ ಡಬ್ಬಿಯಲ್ಲಿ ತುಂಬಿ 1886ರಲ್ಲಿ ಪೇಟೆಂಟ್ ಪಡೆದ. ಗೋಕಾಕದ ಗಿರಣಿಯೂ ಕೈಯಲ್ಲಿ ಹಿಡಿಯುವ ಶೆಲ್ಲೂ ಹೀಗೆ ಒಂದೇ ಕಾಲದ ಕೂಸುಗಳು.

ಈ ಭಾಗಕ್ಕೆ ಟಾರ್ಚು ಬೇಕಾಗಿದ್ದಕ್ಕೆ ನೀರಾವರಿಯೂ ಒಂದು ದೊಡ್ಡ ಕಾರಣ. ಘಟಪ್ರಭೆಗೆ ಕಟ್ಟಿದ ಧೂಪದಾಳದ ಒಡ್ಡಿನಿಂದ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ ಪಾಳಿ ಬಂದ ರೈತ ಹಗಲು ರಾತ್ರಿ ಎನ್ನದೆ ಹೊಲಕ್ಕೆ ನೀರು ಹಾಯಿಸಬೇಕಾಯಿತು. ಕಬ್ಬಿನ ಸಾಲಿನೊಳಗೆ ಹಾವು ಚೇಳಿನ ಭಯ. ಗಾಳಿಗೆ ಕಂದೀಲು ನಿಲ್ಲದು. ಎರಡು ಇಲ್ಲವೇ ಮೂರು ಶೆಲ್ಲಿನ ಲೋಹದ ಬ್ಯಾಟರಿ ಹೊಲದ ಸಾಮಾನುಗಳಲ್ಲಿ ಒಂದಾಯಿತು. ಹಳ್ಳಿಯ ಮಾತಿನಲ್ಲಿ ಬ್ಯಾಟರಿ ಎಂದರೆ ಟಾರ್ಚೇ.

ಕೊಳ್ಳುವುದಕ್ಕಿಂತ ಅದನ್ನು ಕಾಯುವುದೇ ದೊಡ್ಡ ಕೆಲಸ. ಶೆಲ್ಲು ಉರಿದಂತೆ ಅದರ ಸತುವಿನ ಹೊರಕವಚವೇ ಕರಗುತ್ತ ಹೋಗುತ್ತದೆ. ಕವಚ ತೂತಾದರೆ ಒಳಗಿನ ರಸ ಸೋರಿ ಟಾರ್ಚಿನ ಕೊಳವೆಯನ್ನೂ ತಳದ ಸ್ಪ್ರಿಂಗನ್ನೂ ತಿನ್ನುತ್ತದೆ. ಹಸಿರು, ಬಿಳಿ ಬೂಷ್ಟು ಕಟ್ಟಿದ ಸ್ಪ್ರಿಂಗನ್ನು ಉಸುಕಿನ ಕಾಗದದಿಂದ ತಿಕ್ಕಿ ಹೊಳೆಯುವಂತೆ ಮಾಡಿದರೆ ಮಾತ್ರ ದೀಪ ಹತ್ತೀತು. ಆದ್ದರಿಂದ ಬಹುದಿನ ಬಳಸದಿದ್ದರೆ ಶೆಲ್ಲು ತೆಗೆದಿಡುವುದು ರೂಢಿಯಾಯಿತು. ಶೆಲ್ಲು ಒಳಗೇ ಇರಬೇಕಾದಾಗ ಎರಡು ಶೆಲ್ಲಿನ ಟಾರ್ಚಿನಲ್ಲಿ ಒಂದನ್ನು ತಿರುವುಮುರುವು ಹಾಕಿಡುತ್ತಿದ್ದರು. ಚೀಲದೊಳಗೆ ಗುಂಡಿ ಒತ್ತಿಹೋದರೂ ಆಗ ಶೆಲ್ಲು ಖರ್ಚಾಗದು. ಕೊಳವೆಯಲ್ಲಿ ಶೆಲ್ಲುಗಳು ಲಟಪಟ ಅಲುಗಾಡಿ ಸಂಪರ್ಕ ತಪ್ಪದಂತೆ ಸುತ್ತಲೂ ದಪ್ಪ ಕಾಗದದ ಸುರುಳಿ ಹಾಕುತ್ತಿದ್ದರು. ಮಳೆಗಾಲದಲ್ಲಿ ಇಡೀ ಟಾರ್ಚಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬಿಗಿದರೆ ಬೆಳಕು ಹೊರಗೆ ಬರುತ್ತದೆ, ನೀರು ಒಳಗೆ ಹೋಗುವುದಿಲ್ಲ.

ಬೆಳಕು ಕೆಂಪಗಾದ ಶೆಲ್ಲನ್ನು ಅಂಗಳದ ಬಿಸಿಲಿಗಿಡುವ ವಾಡಿಕೆ ಅಜ್ಞಾನದ್ದಲ್ಲ. ಶಾಖಕ್ಕೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ವಿಶ್ರಾಂತಿಯಿಂದ ಕೋಶ ಅಷ್ಟಿಷ್ಟು ಚೇತರಿಸಿಕೊಳ್ಳುತ್ತದೆ. ಇನ್ನೊಂದು ರಾತ್ರಿಯ ನೀರು ಹಾಯಿಸುವಷ್ಟು ಬೆಳಕು ಸಿಕ್ಕರೆ ಅದೇ ಲಾಭ. ಪೂರ್ತಿ ಸತ್ತ ಶೆಲ್ಲನ್ನು ಒಡೆದರೆ ನಡುವಿನ ಇದ್ದಿಲ ಕಡ್ಡಿ ಮಕ್ಕಳಿಗೆ ಗೆರೆ ಎಳೆಯಲು ದಕ್ಕುತ್ತಿತ್ತು.

ರೇಡಿಯೊ ಬಂದಾಗ ಈ ಕಾಳಜಿ ಇನ್ನೂ ಬೆಳೆಯಿತು. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. ಕರೆಂಟಿಲ್ಲದ ಊರಿನಲ್ಲಿ ವಾಲ್ವ್ ರೇಡಿಯೊ ಕೇಳಲು ಇಟ್ಟಿಗೆಯಷ್ಟು ದೊಡ್ಡ ಒಣ ಬ್ಯಾಟರಿ ಬೇಕು, ಇಲ್ಲವೇ ಸೀಸ-ಆಮ್ಲದ ಬ್ಯಾಟರಿ ಬೇಕು. ಎರಡನೆಯದನ್ನು ಚಾರ್ಜ್ ಮಾಡಿಸಲು ಕರೆಂಟಿರುವ ಊರಿಗೇ ಹೊರಬೇಕು. ಫಲಕಗಳು ಮುಳುಗುವಷ್ಟು ಭಟ್ಟಿ ಇಳಿಸಿದ ನೀರು ಹಾಕಬೇಕು, ಬಾವಿಯ ನೀರು ಸಲ್ಲದು. ಅದರ ಲವಣಗಳು ಫಲಕ ಕೆಡಿಸುತ್ತವೆ. ಚಾರ್ಜಾಗುವಾಗ ಜಲಜನಕ ಹೊರಬರುವುದರಿಂದ ಹತ್ತಿರ ಚಿಮಣಿ ತರುವಂತಿಲ್ಲ. ತುದಿಗಳಿಗೆ ಗ್ರೀಸು ಬಳಿಯದಿದ್ದರೆ ಕಿಲುಬು ಹಿಡಿಯುತ್ತದೆ. 1960ರ ದಶಕದಲ್ಲಿ ಹರಡಿದ ಟ್ರಾನ್ಸಿಸ್ಟರು ಸಣ್ಣ ಶೆಲ್ಲುಗಳಲ್ಲೇ ಹಾಡಿ ಈ ಹೊರೆ ಇಳಿಸಿತು.

ತಂತಿಯ ಕಥೆಗೆ ಪಕ್ಕದ ಹುಕ್ಕೇರಿ ತಾಲ್ಲೂಕಿನಲ್ಲಿ ತಿರುವು ಸಿಕ್ಕಿತು. ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಮುಂದಾಳತ್ವದಲ್ಲಿ 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಂಭಿಸಿದ ಐದು ಸಂಘಗಳಲ್ಲಿ ಅದೊಂದು. ಸಿರಿಸಿಲ್ಲಾ, ಕೋಡಿನಾರ್, ಮುಳಾ-ಪ್ರವರಾ, ಲಖನೌ ಉಳಿದವು. ಸಗಟಾಗಿ ವಿದ್ಯುತ್ ಕೊಂಡು ತಾಲ್ಲೂಕಿನ ಮನೆ, ಪಂಪ್‌ಸೆಟ್ಟುಗಳಿಗೆ ಹಂಚುವುದು ಅದರ ಕೆಲಸ. ಬಳಕೆದಾರರೇ ಸದಸ್ಯರಾದ ಇಂಥ ಸಂಘ ಕರ್ನಾಟಕದಲ್ಲಿ ಇದೊಂದೇ. ಜಲಪಾತದ ಶಕ್ತಿ ಒಂದು ಕಂಪನಿಯದಾಗಿದ್ದ ಸೀಮೆಯಲ್ಲಿ ರೈತರೇ ತಂತಿಯ ಒಡೆಯರಾದದ್ದು ಸಣ್ಣ ಸಾಧನೆಯಲ್ಲ. ಇದೇ ತಾಲ್ಲೂಕಿನ ಹಿಡಕಲ್ ಜಲಾಶಯ ಮುಂದೆ ನೀರಾವರಿಯನ್ನೂ ವಿಸ್ತರಿಸಿತು.

ತಂತಿ ಬಂದರೂ ಬ್ಯಾಟರಿ ಹೋಗಲಿಲ್ಲ. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ಸರದಿಯ ಮೇಲೆ, ಅನೇಕ ಸಲ ರಾತ್ರಿಯೇ ಬರುವುದರಿಂದ ರೈತನ ಕೈಯ ಟಾರ್ಚು ಕೈಯಲ್ಲೇ ಉಳಿಯಿತು. ಶೆಲ್ಲಿನ ಬದಲು ಚಾರ್ಜಿನದಾಯಿತು, ಆಮೇಲೆ ತಲೆಗೆ ಕಟ್ಟುವ ಎಲ್‌ಇಡಿ ದೀಪವಾಯಿತು. 2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ಹೊಸ ತಾಲ್ಲೂಕಾಯಿತು. ಮರುವರ್ಷದ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪಟ್ಟಣದೊಳಗೂ ಮೂಡಲಗಿಯ ಹಳ್ಳಿಗಳಿಗೂ ನೀರು ನುಗ್ಗಿತು. ನೆರೆ ಏರುವಾಗ ಜೀವಹಾನಿ ತಪ್ಪಿಸಲು ಲೈನು ಬಂದ್ ಮಾಡಲೇಬೇಕು; ಆಗ ಆಸರೆ ಮತ್ತೆ ಬ್ಯಾಟರಿಯದೇ. ಈಗಿನ ಲಿಥಿಯಂ ಬ್ಯಾಟರಿಗೆ ಭಟ್ಟಿ ನೀರು ಬೇಕಿಲ್ಲ, ಗ್ರೀಸು ಬೇಕಿಲ್ಲ. ಆದರೆ ನೀರು ಹೊಕ್ಕ ಲಿಥಿಯಂ ಬ್ಯಾಟರಿ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದಾದ್ದರಿಂದ, ಅದನ್ನು ಹಳೆಯ ಶೆಲ್ಲಿನಂತೆ ಬಿಸಿಲಿಗೆ ಒಣಗಿಸಿ ಮತ್ತೆ ಚಾರ್ಜಿಗೆ ಹಾಕುವಂತಿಲ್ಲ.