ಹೃದಯಾಘಾತ ಸಂಶೋಧನೆಯಲ್ಲಿ ಆರೈಕೆಯ ಪ್ರಶ್ನೆ: ಕೋಲಾರ ಸೀಮೆಯಿಂದ ಒಂದು ನೋಟ

ಕರ್ನಾಟಕದಲ್ಲಿ ಹೃದಯಾಘಾತದ ಕುರಿತ ಸಂಶೋಧನೆ ಕಳೆದ ಮೂರು ದಶಕಗಳಲ್ಲಿ ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಹೊರಳಿದೆ. ಹೃದಯಾಘಾತ ಯಾರಿಗೆ, ಯಾಕೆ ಆಗುತ್ತದೆ ಎಂದು ಮೊದಲು ಕೇಳಿದರು. ಆದವರಿಗೆ ಎಂಥ ಚಿಕಿತ್ಸೆ ಸಿಕ್ಕಿತು, ಎಷ್ಟು ಹೊತ್ತಿಗೆ ಸಿಕ್ಕಿತು, ಮನೆಗೆ ಹೋದ ಮೇಲೆ ಮುಂದುವರಿಯಿತೇ ಎಂದು ಆಮೇಲೆ ಕೇಳತೊಡಗಿದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳ ಮಟ್ಟಿಗೆ ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ಜರೂರು ಎಂಬುದು ಈ ಲೇಖನದ ವಾದ.

ಮೊದಲ ಪ್ರಶ್ನೆಯ ಚರಿತ್ರೆ ಹಳೆಯದು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ 5,209 ನಿವಾಸಿಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನ ಇವು ಹೃದ್ರೋಗದ ಮುನ್ಸೂಚನೆಗಳು ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು. ಅಲ್ಲಿಯ ಲೆಕ್ಕ ನಮ್ಮವರಿಗೂ ಹೊಂದುತ್ತದೆಯೇ ಎಂದು ಇಲ್ಲಿಯೇ ಪರೀಕ್ಷಿಸಿದ ಮುಖ್ಯ ಕೆಲಸಗಳಲ್ಲೊಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರದು. ಹೃದಯಾಘಾತವಾದ 200 ಮಂದಿಯನ್ನು, ಆಗದ 200 ಮಂದಿಯೊಂದಿಗೆ ಹೋಲಿಸಿದ ಅವರ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಎಲ್ಲಕ್ಕಿಂತ ಹೆಚ್ಚು ಎಂದು ಅದು ತೋರಿಸಿತು. ರಕ್ತದಲ್ಲಿನ ಸಕ್ಕರೆಯೂ ಸೊಂಟ-ಪೃಷ್ಠದ ಸುತ್ತಳತೆಗಳ ಅನುಪಾತವೂ ಅಪಾಯ ಸೂಚಿಸಿದಷ್ಟು ಸ್ಪಷ್ಟವಾಗಿ ಕೊಲೆಸ್ಟ್ರಾಲ್ ಸೂಚಿಸಲಿಲ್ಲ. ಮುಂದೆ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಒಂಬತ್ತು ಅಪಾಯಕಾರಿ ಅಂಶಗಳನ್ನು ಹೆಸರಿಸಿತು. ಅದರ ದತ್ತಾಂಶವನ್ನೇ ಆಧರಿಸಿದ 2007ರ ಲೇಖನವೊಂದು ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮುಂಚೆ, ಸರಾಸರಿ 53ರ ಆಸುಪಾಸಿನಲ್ಲೇ ಬರುತ್ತದೆ ಎಂದು ದಾಖಲಿಸಿತು. ದುಡಿಯುವ ವಯಸ್ಸು ಅದು. ಮಕ್ಕಳ ಓದು, ಮದುವೆ, ಕೊಳವೆಬಾವಿಯ ಸಾಲ ಎಲ್ಲವೂ ತಲೆಯ ಮೇಲಿರುವ ಕಾಲ.

ಎರಡನೆಯ ಪ್ರಶ್ನೆ ನಮ್ಮಲ್ಲಿ ಅಂಕಿಅಂಶದ ಬಲ ಪಡೆದದ್ದು 2008ರಲ್ಲಿ. ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಝೇವಿಯರ್, ಪ್ರೇಮ್ ಪೈಸ್, ಕೆನಡಾದ ಸಲೀಂ ಯೂಸುಫ್ ಮೊದಲಾದವರು ‘ಕ್ರಿಯೇಟ್’ ಎಂಬ ದಾಖಲಾತಿಯನ್ನು ಆ ವರ್ಷ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ದೇಶದ 50 ನಗರಗಳ 89 ಆಸ್ಪತ್ರೆಗಳಿಗೆ ಎದೆನೋವೆಂದು ದಾಖಲಾದ 20,468 ರೋಗಿಗಳ ವಿವರ ಅದರಲ್ಲಿದೆ. ನೂರಕ್ಕೆ 60ರಷ್ಟು ಜನರಿಗೆ ರಕ್ತನಾಳ ಪೂರ್ತಿ ಕಟ್ಟಿಕೊಳ್ಳುವ ತೀವ್ರ ಬಗೆಯ ಹೃದಯಾಘಾತವಾಗಿತ್ತು.

ಈ ದಾಖಲಾತಿಯ ಎರಡು ಫಲಿತಾಂಶಗಳನ್ನು ನಿಧಾನವಾಗಿ ಓದಬೇಕು. ಒಂದು, ಸಮಯದ್ದು. ನೋವು ಕಾಣಿಸಿಕೊಂಡ ಹೊತ್ತಿನಿಂದ ಆಸ್ಪತ್ರೆ ಮುಟ್ಟುವ ತನಕ ಕಳೆದ ಮಧ್ಯಮ ಅವಧಿ 360 ನಿಮಿಷ. ಆಸ್ಪತ್ರೆ ಮುಟ್ಟಿದ ಮೇಲೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಹಿಡಿದದ್ದು 50 ನಿಮಿಷ. ಅಂದರೆ ಕಳೆದುಹೋದ ಹೊತ್ತಿನ ಬಹುಪಾಲು ಆಸ್ಪತ್ರೆಯ ಬಾಗಿಲಿನ ಹೊರಗೆ ಕಳೆದಿತ್ತು. ಈ ಚುಚ್ಚುಮದ್ದಿನ ಗುಣ 1988ರಲ್ಲೇ ಸಾಬೀತಾಗಿತ್ತು. 17,187 ರೋಗಿಗಳ ಮೇಲೆ ನಡೆದ ‘ಐಸಿಸ್-2’ ಪ್ರಯೋಗದಲ್ಲಿ ಸ್ಟ್ರೆಪ್ಟೊಕೈನೇಸ್ ಮತ್ತು ಆಸ್ಪಿರಿನ್ ಎರಡನ್ನೂ ಪಡೆದವರಲ್ಲಿ ಐದು ವಾರಗಳೊಳಗಿನ ಸಾವು ನೂರಕ್ಕೆ 42ರಷ್ಟು ತಗ್ಗಿತ್ತು. ಬೇಗ ಕೊಟ್ಟಷ್ಟೂ ಲಾಭ ಹೆಚ್ಚು. ಗೊತ್ತಿದ್ದ ಔಷಧಿ ಇಪ್ಪತ್ತು ವರ್ಷಗಳಾದ ಮೇಲೂ ಗೊತ್ತಿದ್ದ ಹೊತ್ತಿಗೆ ರೋಗಿಯ ತೋಳಿಗೆ ಸೇರುತ್ತಿರಲಿಲ್ಲ ಎಂಬುದು ನೋವಿನ ಸಂಗತಿ.

ಇನ್ನೊಂದು, ಬಡತನದ್ದು. ಶ್ರೀಮಂತ ರೋಗಿಗಳಲ್ಲಿ 30 ದಿನಗಳೊಳಗೆ ಸತ್ತವರು ನೂರಕ್ಕೆ 5.5, ಬಡವರಲ್ಲಿ 8.2. ಬಡವರ ರೋಗವೇ ಹೆಚ್ಚು ಕೆಟ್ಟದ್ದಿರಬಹುದೇ ಎಂದು ಸಂಶೋಧಕರು ಲೆಕ್ಕ ಹಾಕಿ ನೋಡಿದರು. ವಯಸ್ಸು, ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನಗಳನ್ನು ಸರಿದೂಗಿಸಿದರೂ ಅಂತರ ಉಳಿಯಿತು. ಪಡೆದ ಚಿಕಿತ್ಸೆಯನ್ನು ಸರಿದೂಗಿಸಿದಾಗ ಅಂತರ ಮಾಯವಾಯಿತು. ಒಂದೇ ಚಿಕಿತ್ಸೆ ಸಿಕ್ಕಿದ್ದರೆ ಬಡವರೂ ಅಷ್ಟೇ ಪ್ರಮಾಣದಲ್ಲಿ ಬದುಕುತ್ತಿದ್ದರು ಎಂದೇ ಇದು ಸೂಚಿಸುತ್ತದೆ. ನಮ್ಮ ನಾಡಿನ ವೈದ್ಯಕೀಯ ಸಂಶೋಧನೆಯಲ್ಲಿ ಇಷ್ಟು ನೇರವಾದ ನೈತಿಕ ಹೊಣೆ ಹೊರಿಸುವ ವಾಕ್ಯ ಇನ್ನೊಂದಿದೆಯೆಂದು ನನಗೆ ತೋರುವುದಿಲ್ಲ.

ಆರೈಕೆಯ ಗುಣಮಟ್ಟವನ್ನು ಅಳೆಯುವುದು ಹೇಗೆ? 1966ರಲ್ಲಿ ಅವೆಡಿಸ್ ಡೊನಬೇಡಿಯನ್ ಮೂರು ನೆಲೆಗಳನ್ನು ಗುರುತಿಸಿದ್ದರು: ಏನೇನು ಸೌಲಭ್ಯವಿದೆ, ಏನೇನು ಮಾಡಿದರು, ಕೊನೆಗೆ ರೋಗಿಗೆ ಏನಾಯಿತು. ಕೋಲಾರ ಜಿಲ್ಲೆಯನ್ನು ಈ ಕ್ರಮದಲ್ಲಿ ನೋಡಿದರೆ ಮೊದಲನೆಯದರಲ್ಲಿ ತೀರಾ ಬಡತನವಿಲ್ಲ. ಜಿಲ್ಲಾ ಕೇಂದ್ರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾಸ್ಪತ್ರೆಯಿದೆ. ಟಮಕದಲ್ಲಿ 1986ರಿಂದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ನಡೆದಿದೆ. ಅದಕ್ಕೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆಯೂ ಹೃದಯ ಚಿಕಿತ್ಸಾ ಕೇಂದ್ರವೂ ಅಲ್ಲಿಯೇ ಇವೆ. ಕೋಲಾರದಿಂದ ಬೆಂಗಳೂರು ಸುಮಾರು 70 ಕಿ.ಮೀ.; ಮುಳಬಾಗಿಲು ಅದೇ ಹೆದ್ದಾರಿಯಲ್ಲಿ ಇನ್ನು 30 ಕಿ.ಮೀ. ಮುಂದೆ. 2008ರ ನವೆಂಬರ್‌ನಿಂದ 108 ಆಂಬುಲೆನ್ಸ್ ಓಡುತ್ತಿದೆ. ಹಾಗಾಗಿ ಈ ಸೀಮೆಯಲ್ಲಿ ದೂರವೊಂದೇ ಅಡ್ಡಿ ಎನ್ನುವಂತಿಲ್ಲ. ನಸುಕಿನಲ್ಲಿ ಟೊಮೆಟೊ ಕ್ರೇಟು ಏರಿಸುವಾಗ, ಮಾಲೂರಿನ ಇಟ್ಟಿಗೆ ಗೂಡಿನ ಮುಂದೆ ನಿಂತಾಗ, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಎದೆ ಹಿಡಿದುಕೊಂಡರೆ ಜನ ಮೊದಲು ಹೇಳುವ ಮಾತು ‘ಗ್ಯಾಸ್ಟ್ರಿಕ್’. ಸೋಡಾ ಕುಡಿದು, ಮಾತ್ರೆ ನುಂಗಿ, ಹತ್ತಿರದ ಕ್ಲಿನಿಕ್ಕಿನಲ್ಲೊಂದು ಸೂಜಿ ಚುಚ್ಚಿಸಿಕೊಂಡು ಕಾಯುವ ಆ ಗಂಟೆಗಳು ಯಾವ ದಾಖಲೆಯಲ್ಲೂ ನಿಲ್ಲುವುದಿಲ್ಲ.

ರೋಗವನ್ನು ಎಣಿಸಿ ಬರೆದಿಡುವ ಕೆಲಸ ಈ ಜಿಲ್ಲೆಗೆ ಹೊಸದೇನಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 7,653 ಕಾರ್ಮಿಕರನ್ನು ತಪಾಸಿಸಿ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇದೆಯೆಂದು ಕಂಡ ವರದಿ 1940ರ ದಶಕದ್ದು. ಭಾರತದ ಔದ್ಯೋಗಿಕ ಆರೋಗ್ಯ ಚರಿತ್ರೆಯಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನವಿದೆ. ಕಲ್ಲಿನ ಪುಡಿಯಿಂದ ಗಾಯಗೊಂಡ ಶ್ವಾಸಕೋಶ ಹೃದಯದ ಬಲಭಾಗಕ್ಕೂ ಹೊರೆಯಾಗುತ್ತದೆ. ಆ ಗಣಿ ಕಾರ್ಮಿಕರ ಕಥೆ ಹೃದ್ರೋಗದ ಕಥೆಯೂ ಹೌದು. 2001ರಲ್ಲಿ ಗಣಿಗಳು ಮುಚ್ಚಿದವು.

ರೋಗ ಎಣಿಸುವ ಕೆಲಸದ ಮುಂದಿನ ಘಟ್ಟ ಸರ್ಕಾರದ್ದು. ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾದಾಗ ಕರ್ನಾಟಕದಿಂದ ಮೊದಲು ಆಯ್ಕೆಯಾದ ಜಿಲ್ಲೆಗಳಲ್ಲಿ ಕೋಲಾರವೂ ಇತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ.ಪಿ., ಶುಗರ್ ತಪಾಸಣೆಗೆ ಪ್ರತ್ಯೇಕ ಕ್ಲಿನಿಕ್ಕುಗಳು ಬಂದದ್ದು ಇದರಿಂದ. 2022ರಲ್ಲಿ ನಿಮ್ಹಾನ್ಸ್ ನೆರವಿನ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮಕ್ಕೂ ಆಯ್ದ ಮೂರು ಜಿಲ್ಲೆಗಳಲ್ಲಿ ಕೋಲಾರ ಒಂದಾಯಿತು. ಪಾರ್ಶ್ವವಾಯುವಿಗೂ ಹೃದಯಾಘಾತಕ್ಕೂ ಮೂಲದಲ್ಲಿ ಒಂದೇ ಬಿ.ಪಿ. ಇರುವುದರಿಂದ ಎರಡು ಕಾರ್ಯಕ್ರಮಗಳ ಹೊತ್ತಗೆಗಳೂ ಒಂದೇ ರೋಗಿಯ ಹೆಸರಿನಲ್ಲಿ ಕೂಡಬೇಕು.

ಬಾಗಿಲಿನ ಹೊರಗೆ ಕಳೆಯುವ ಹೊತ್ತಿಗೆ ಉತ್ತರ ಹುಡುಕಿದ ಒಂದು ಮಾದರಿ ನೆರೆಯ ತಮಿಳುನಾಡಿನದು. ಡಾ. ಥಾಮಸ್ ಅಲೆಗ್ಸಾಂಡರ್ ಮತ್ತು ಸಂಗಡಿಗರು ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಹೃದ್ರೋಗ ಕೇಂದ್ರಗಳಿಗೆ ಜೋಡಿಸಿದರು. ಹೀಗೆ ಜೋಡಿಸಿದ ಮೇಲೆ ಒಂದು ವರ್ಷದೊಳಗಿನ ಸಾವು ನೂರಕ್ಕೆ 17.6ರಿಂದ 14.2ಕ್ಕೆ ಇಳಿದದ್ದನ್ನು 2017ರಲ್ಲಿ ವರದಿ ಮಾಡಿದರು. ಕರ್ನಾಟಕದಲ್ಲಿ ಜಯದೇವ ಹೃದ್ರೋಗ ಸಂಸ್ಥೆಯನ್ನು ನಡುವೆ ಇಟ್ಟುಕೊಂಡ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ’ ಇದೇ ಹಾದಿಯದು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ನಟನ ಹೆಸರು ಅದಕ್ಕಿದೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಕೂಡಲೇ ನೋಡುತ್ತಾರೆ. ಬೇಕೆಂದರೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ‘ಕ್ರಿಯೇಟ್’ ತೋರಿಸಿದ ಎರಡೂ ಕೊರತೆಗಳನ್ನು, ಸಮಯ ಮತ್ತು ಹಣವನ್ನು, ಒಟ್ಟಿಗೆ ಮುಟ್ಟುವ ಕೆಲಸವಿದು. ಆದರೆ ರೋಗಿ ತಾಲೂಕು ಆಸ್ಪತ್ರೆಗೆ ಬಂದ ಮೇಲಷ್ಟೇ ಇದು ಶುರುವಾಗುತ್ತದೆ.

ಆಸ್ಪತ್ರೆಯ ಒಳಗಿನ ಕ್ರಮವನ್ನಷ್ಟೇ ತಿದ್ದಿದರೆ ಸಾಕೇ ಎಂಬುದಕ್ಕೆ ಕೇರಳದ ಅನುಭವ ಎಚ್ಚರಿಕೆ ಕೊಡುತ್ತದೆ. 63 ಆಸ್ಪತ್ರೆಗಳ 21,374 ರೋಗಿಗಳ ಮೇಲೆ ನಡೆದ ‘ಎಸಿಎಸ್ ಕ್ವಿಕ್’ ಪ್ರಯೋಗದಲ್ಲಿ ದಾಖಲಾಗುವಾಗಲೂ ಬಿಡುಗಡೆಯಾಗುವಾಗಲೂ ಪರಿಶೀಲನಾ ಪಟ್ಟಿಗಳನ್ನು ಬಳಸಿದರು. 2018ರ ವರದಿಯ ಪ್ರಕಾರ, ಲೆಕ್ಕ ಸರಿದೂಗಿಸಿದ ಮೇಲೆ 30 ದಿನಗಳ ಫಲದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಗುಣ.

ಬಿಡುಗಡೆಯ ನಂತರದ ತಿಂಗಳುಗಳ ಬಗ್ಗೆ ಡೆನಿಸ್ ಝೇವಿಯರ್ ತಂಡವೇ ಮುಂದೆ ಕೆಲಸ ಮಾಡಿತು. 14 ಆಸ್ಪತ್ರೆಗಳ 806 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರ ಜೊತೆ ಸಿಕ್ಕಿತು. ಮಾತ್ರೆ ಬಿಡದಂತೆ, ಹೊಗೆಸೊಪ್ಪು ಬಿಡುವಂತೆ ಅವರು ಭೇಟಿ ಮಾಡಿ ತಿಳಿಹೇಳಿದರು. 2016ರಲ್ಲಿ ಪ್ರಕಟವಾದ ಈ ‘ಸ್ಪ್ರೆಡ್’ ಪ್ರಯೋಗದಲ್ಲಿ ಒಂದು ವರ್ಷದ ನಂತರ ಮಾತ್ರೆ ತಪ್ಪದೆ ನುಂಗುತ್ತಿದ್ದವರು ಆ ಗುಂಪಿನಲ್ಲಿ ನೂರಕ್ಕೆ 97, ಇನ್ನೊಂದರಲ್ಲಿ 92. ವೈದ್ಯರಲ್ಲದವರ ಕೈಯಲ್ಲೂ ಹೃದಯದ ಆರೈಕೆ ಸಾಗುತ್ತದೆ ಎಂಬುದಕ್ಕೆ ಇದು ಆಧಾರ. ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿರುವಾಗ ಈ ಕೆಲಸಕ್ಕೆ ಹೊಸ ಹುದ್ದೆ ಸೃಷ್ಟಿಸಬೇಕಿಲ್ಲ. ಅವರ ಹೊರೆಗೆ ತಕ್ಕ ಗೌರವಧನ ಕೊಡಬೇಕು.

ಈ ಸೀಮೆಗೆ ಇನ್ನೊಂದು ಅನುಕೂಲವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ದೀರ್ಘಕಾಲ ಹಿಂಬಾಲಿಸುವ ಗುರಿಯಿಟ್ಟುಕೊಂಡು ‘ಸ್ಯಾನ್ಸ್‌ಕಾಗ್’ ಅಧ್ಯಯನ ನಡೆಸುತ್ತಿದೆ. ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಅದಕ್ಕೆ ಅಡಿಪಾಯ ಹಾಕಿದವರು. ಅದರ ಗುರಿ ಮರೆವಿನ ಕಾಯಿಲೆ. ಆದರೂ ಬಿ.ಪಿ., ಸಕ್ಕರೆ, ಕೊಬ್ಬು, ಸೊಂಟದ ಅಳತೆ ಎಲ್ಲವೂ ದಾಖಲಾಗುತ್ತಿವೆ. ಈ ಅಪಾಯಗಳು ಒಟ್ಟುಗೂಡಿದ ಸ್ಥಿತಿ ಹಳ್ಳಿಯ ನಡುವಯಸ್ಸಿನವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿದೆ ಎಂದು 2022ರ ಪ್ರಕಟಣೆ ತಿಳಿಸಿತು. ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಹೃದ್ರೋಗ ಬಾರದು ಎಂಬ ನಂಬಿಕೆ ಇನ್ನು ನಿಲ್ಲದು.

ಶ್ರೀನಿವಾಸಪುರದಲ್ಲಿ ಅಪಾಯದ ಲೆಕ್ಕ ಹೀಗೆ ಸಿಗುತ್ತದೆ. ಆರೈಕೆಯ ಲೆಕ್ಕವನ್ನು ನಾಲ್ಕೂ ತಾಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲಿ ಸೇರಿಸಬೇಕು. ಎದೆನೋವೆಂದು ಬಂದ ಪ್ರತಿಯೊಬ್ಬರ ಚೀಟಿಯಲ್ಲಿ ನೋವು ಶುರುವಾದ ಹೊತ್ತು, ಮೊದಲು ಹೋದ ಕಡೆ, ಬಂದ ವಾಹನ, ಇಸಿಜಿ ತೆಗೆದ ಹೊತ್ತು, ಚುಚ್ಚುಮದ್ದು ಕೊಟ್ಟ ಹೊತ್ತು ಇವಿಷ್ಟನ್ನು ಬರೆಯಬೇಕು. 30ನೇ ದಿನಕ್ಕೂ ವರ್ಷ ತುಂಬಿದಾಗಲೂ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಮಾತ್ರೆಯ ಪಟ್ಟಿ ನೋಡಿ ಬಂದರೆ ಮುಂದಿನ ಭಾಗವೂ ತುಂಬುತ್ತದೆ. ಈ ಚೀಟಿಗಳು ಒಂದೆಡೆ ಕೂಡಿದರೆ 2008ರ 360 ನಿಮಿಷ ಈಗ ಮುಳಬಾಗಿಲಿನಲ್ಲಿ ಎಷ್ಟಾಗಿದೆ, ಮಾಲೂರಿನಲ್ಲಿ ಎಷ್ಟಾಗಿದೆ, ಬಡವರಿಗೂ ಉಳ್ಳವರಿಗೂ ಬೇರೆಬೇರೆಯಾಗಿದೆಯೇ ಎಂದು ಜಿಲ್ಲಾಸ್ಪತ್ರೆಯೇ ಹೇಳಬಲ್ಲದು.