ಶಿಖರಜಿ ಯಾತ್ರೆಯ ಹಾದಿಯಲ್ಲಿ ಕೋಲ್ಕತ್ತ

ಕರ್ನಾಟಕದಿಂದ ಶ್ರೀ ಸಮ್ಮೇದ ಶಿಖರಜಿಗೆ ಹೊರಡುವ ಅನೇಕ ಶ್ರಾವಕ ಕುಟುಂಬಗಳು ಕೋಲ್ಕತ್ತದ ಮೂಲಕ ಹೋಗುತ್ತವೆ. ಹಾವಡಾದಿಂದ ಪಾರಸನಾಥ ರೈಲು ನಿಲ್ದಾಣಕ್ಕೆ ಸುಮಾರು 300 ಕಿ.ಮೀ. ಹೆಚ್ಚಿನವರು ಕೋಲ್ಕತ್ತದಲ್ಲಿ ರೈಲು ಬದಲಿಸಿ ಮುಂದೆ ಸಾಗುತ್ತಾರೆ. ಆದರೆ 1911ರವರೆಗೆ ಬ್ರಿಟಿಷ್ ಭಾರತದ ರಾಜಧಾನಿಯಾಗಿದ್ದ ಈ ನಗರದಲ್ಲಿ ಒಂದು ದಿನ ಉಳಿದರೆ ಜಿನದರ್ಶನವೂ ಆಗುತ್ತದೆ, ನಮ್ಮ ಶ್ರವಣಬೆಳಗೊಳದ ಒಂದು ಹಳೆಯ ನಂಟೂ ಸಿಗುತ್ತದೆ.

ಎರಡು ಜಿನಾಲಯಗಳು

ಕೋಲ್ಕತ್ತದಲ್ಲಿ ಪಾರ್ಶ್ವನಾಥ ಮಂದಿರ ಎಂಬ ಹೆಸರು ಎರಡು ಕಡೆ ಬಳಕೆಯಲ್ಲಿದೆ. ಆದ್ದರಿಂದ ಟ್ಯಾಕ್ಸಿಯವರಿಗೆ ಬಡಾವಣೆಯ ಹೆಸರನ್ನೇ ಹೇಳಬೇಕು.

ಗೌರಿಬಾರಿಯ ಬದ್ರಿದಾಸ್ ಟೆಂಪಲ್ ಸ್ಟ್ರೀಟ್‌ನಲ್ಲಿರುವುದು ಶ್ವೇತಾಂಬರ ಮಂದಿರ. ಜವಾಹಿರಿ ವರ್ತಕರಾಗಿದ್ದ ರಾಯ್ ಬದ್ರಿದಾಸ್ ಬಹಾದ್ದೂರ್ ಇದನ್ನು 1867ರಲ್ಲಿ ಕಟ್ಟಿಸಿದರು. ಕನ್ನಡಿ ಮತ್ತು ಬಣ್ಣದ ಗಾಜಿನ ಕೆಲಸ, ಉದ್ಯಾನ ಮತ್ತು ಕೊಳಕ್ಕೆ ಇದು ಪ್ರಸಿದ್ಧ. ಹೆಸರು ಪಾರ್ಶ್ವನಾಥ ಮಂದಿರವಾದರೂ ಇಲ್ಲಿಯ ಮೂಲನಾಯಕರು 10ನೇ ತೀರ್ಥಂಕರ ಶ್ರೀ ಶೀತಲನಾಥ ಸ್ವಾಮಿ. ಮೂರ್ತಿಯ ಅಲಂಕಾರ, ಪೂಜಾಪದ್ಧತಿಗಳು ನಮ್ಮ ದಿಗಂಬರ ಬಸದಿಗಳಿಗಿಂತ ಭಿನ್ನವಾಗಿರುತ್ತವೆ ಎಂದು ಮಕ್ಕಳಿಗೆ ಮೊದಲೇ ತಿಳಿಸಿದರೆ ಒಳ್ಳೆಯದು. ದಿಗಂಬರ ಪರಂಪರೆಯ ಪಾರ್ಶ್ವನಾಥ ಜಿನಾಲಯ ಇರುವುದು ಬೆಲ್ಗಾಚಿಯಾದಲ್ಲಿ. ಅಲ್ಲಿಗೆ ಮೆಟ್ರೋ ಸೌಕರ್ಯವಿದೆ.

ಬಡಾಬಜಾರ್ ಸುತ್ತಮುತ್ತ

ಜೈನ ವರ್ತಕರು ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದಿರುವ ಬಡಾಬಜಾರ್ ಪ್ರದೇಶದಲ್ಲಿ ಬೇರೆ ಬೇರೆ ಧರ್ಮಗಳ ಮಂದಿರಗಳು ಹತ್ತಿರ ಹತ್ತಿರದಲ್ಲಿವೆ. 1724ರ ಅರ್ಮೇನಿಯನ್ ಚರ್ಚ್, 1884ರಲ್ಲಿ ಕಟ್ಟಿದ ಯಹೂದಿಯರ ಮಾಗೆನ್ ಡೇವಿಡ್ ಪ್ರಾರ್ಥನಾಲಯ ಮತ್ತು ನಾಖೋದಾ ಮಸೀದಿ ಇವುಗಳಲ್ಲಿ ಮುಖ್ಯವಾದವು. ದೂರದ ನಾಡುಗಳಿಂದ ವ್ಯಾಪಾರಕ್ಕೆ ಬಂದವರು ಇಲ್ಲಿ ತಮ್ಮ ದೇವರಿಗೂ ಜಾಗ ಮಾಡಿಕೊಂಡರು. ಬದ್ರಿದಾಸರ ಮಂದಿರವನ್ನೂ ಈ ಸಾಲಿನಲ್ಲಿಟ್ಟು ನೋಡಬಹುದು.

ಬೆಳಗೊಳದ ನಂಟು

ಪಾರ್ಕ್ ಸ್ಟ್ರೀಟ್‌ನಲ್ಲಿ 1784ರಲ್ಲಿ ಸ್ಥಾಪನೆಯಾದ ಏಷ್ಯಾಟಿಕ್ ಸೊಸೈಟಿ ಇದೆ. 1799ರ ನಂತರ ಮೈಸೂರು ಸೀಮೆಯ ಮೋಜಣಿ ನಡೆಸಿದ ಕಾಲಿನ್ ಮೆಕೆಂಜಿ ಜೈನರ ಬಗ್ಗೆಯೂ ಮಾಹಿತಿ ಸಂಗ್ರಹಿಸಿದರು. ಬೆಳಗೊಳದ ಚಾರುಕೀರ್ತಿ ಆಚಾರ್ಯರಿಂದ ಪಡೆದ ವಿವರಗಳು ಈ ಸೊಸೈಟಿಯ 'ಏಷ್ಯಾಟಿಕ್ ರಿಸರ್ಚಸ್' ಗ್ರಂಥಮಾಲೆಯ 9ನೇ ಸಂಪುಟದಲ್ಲಿ ಪ್ರಕಟವಾದವು. ಜೈನಧರ್ಮದ ಬಗ್ಗೆ ಇಂಗ್ಲಿಷ್‌ನಲ್ಲಿ ಬಂದ ಆರಂಭದ ಬರಹಗಳಲ್ಲಿ ಇವೂ ಸೇರಿವೆ. ಅಂದರೆ ಹೊರಗಿನವರು ನಮ್ಮ ಧರ್ಮವನ್ನು ಅರಿಯತೊಡಗಿದ ಕಾಲದಲ್ಲಿ ಅವರು ಕೇಳಿದ್ದು ಕನ್ನಡ ನಾಡಿನ ಭಟ್ಟಾರಕರ ಮಾತನ್ನು. 1821ರಲ್ಲಿ ನಿಧನರಾದ ಮೆಕೆಂಜಿಯವರ ಸಮಾಧಿ ಸಮೀಪದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ.

ಗಮನಿಸಬೇಕಾದ್ದು

ಕೋಲ್ಕತ್ತದಲ್ಲಿ ಸೂರ್ಯಾಸ್ತ ನಮ್ಮಲ್ಲಿಗಿಂತ ಬೇಗ. ಡಿಸೆಂಬರ್‌ನಲ್ಲಿ ಸಂಜೆ 5 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಂಗಳೂರಿಗೂ ಅಲ್ಲಿಗೂ ಸುಮಾರು ಒಂದು ಗಂಟೆ ವ್ಯತ್ಯಾಸ. ರಾತ್ರಿಭೋಜನ ತ್ಯಾಗದ ನಿಯಮವಿರುವವರು ಊರಿನ ಲೆಕ್ಕ ಹಿಡಿದು ಕುಳಿತರೆ ಊಟ ತಪ್ಪುತ್ತದೆ. ಬದ್ರಿದಾಸ್ ಮಂದಿರದ ಬಾಗಿಲು ಮಧ್ಯಾಹ್ನ ಮುಚ್ಚಿರುತ್ತದೆ. ಹಾಗಾಗಿ ಜಿನದರ್ಶನವನ್ನು ಬೆಳಿಗ್ಗೆಯೇ ಮುಗಿಸಿ, ಉಳಿದ ಸ್ಥಳಗಳನ್ನು ಮಧ್ಯಾಹ್ನ ನೋಡಿ, ನಾಲ್ಕು ಗಂಟೆಯೊಳಗೆ ಊಟಕ್ಕೆ ಬರುವುದು ಕ್ಷೇಮ.

20 ತೀರ್ಥಂಕರರು ಮೋಕ್ಷ ಪಡೆದ ಶಿಖರಜಿಯಲ್ಲಿ ಶೀತಲನಾಥ ಸ್ವಾಮಿಯ ಟೋಂಕ್ ವಿದ್ಯುತ್‌ವರ ಕೂಟ. ಕೋಲ್ಕತ್ತದಲ್ಲಿ ಸ್ವಾಮಿಯ ದರ್ಶನ ಮಾಡಿ ಬಂದವರು ಬೆಟ್ಟದ ಮೇಲೆ ಆ ಚರಣಗಳಿಗೆ ಅರ್ಘ್ಯ ಸಮರ್ಪಿಸುವಾಗ ಎರಡೂ ದರ್ಶನಗಳು ಒಂದೇ ಯಾತ್ರೆಯಾಗಿ ಕೂಡುತ್ತವೆ.