ಸರಕು ಸಾಗಣೆ ವಾಹನಗಳ ಹಿಂಬದಿ ಆಕ್ಸಲ್: ಗುರುತಿಸುವಿಕೆ, ನಿರ್ವಹಣೆ ಮತ್ತು ಬದಲಾವಣೆ

ದಾವಣಗೆರೆ ನಗರದ ಆನೆಕೊಂಡ ಹಾಗೂ ಹರಿಹರ ಸೇರಿದಂತೆ ಜಿಲ್ಲೆಯ ಲಾರಿಗಳು ಭತ್ತ, ಅಕ್ಕಿ, ಮೆಕ್ಕೆಜೋಳ ಮುಂತಾದ ಸರಕುಗಳನ್ನು ಹೊತ್ತು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಂಚರಿಸುತ್ತವೆ. ಈ ಭಾರದ ಬಹುಪಾಲು ಹಿಂಬದಿ ಆಕ್ಸಲ್ ಮೇಲೆ ಬೀಳುತ್ತದೆ. ಅರ್ಹತಾ ಪತ್ರದ ನವೀಕರಣ ಅಥವಾ ವಾಹನದ ಬದಲಾವಣೆಗೆ ಅರ್ಜಿ ಸಲ್ಲಿಸುವ ಮಾಲೀಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಗುರುತಿಸುವಿಕೆ

ಆಕ್ಸಲ್‌ನ ಮಾದರಿ ಮತ್ತು ಗೇರ್ ಅನುಪಾತವನ್ನು ಸಾಮಾನ್ಯವಾಗಿ ಹೌಸಿಂಗ್ ಮೇಲಿನ ಲೋಹದ ಪಟ್ಟಿಯಲ್ಲಿ ನಮೂದಿಸಲಾಗಿರುತ್ತದೆ. ಪಟ್ಟಿ ಅಳಿಸಿಹೋಗಿದ್ದಲ್ಲಿ ಕ್ರೌನ್ ವೀಲ್ ಮತ್ತು ಪಿನಿಯನ್‌ಗಳ ಹಲ್ಲುಗಳನ್ನು ಎಣಿಸಿ ಅನುಪಾತವನ್ನು ತಿಳಿಯಬಹುದು. ಉದಾಹರಣೆಗೆ, ಕ್ರೌನ್ ವೀಲ್‌ನಲ್ಲಿ 41 ಹಾಗೂ ಪಿನಿಯನ್‌ನಲ್ಲಿ 7 ಹಲ್ಲುಗಳಿದ್ದರೆ ಅನುಪಾತವು 5.86 ಆಗುತ್ತದೆ.

ಬಿಚ್ಚದೆಯೂ ಪರಿಶೀಲಿಸಬಹುದು. ಖಾಲಿ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಹಿಂಬದಿಯ ಒಂದು ಬದಿಯನ್ನು ಮಾತ್ರ ಎತ್ತಿ ಭದ್ರವಾದ ಸ್ಟ್ಯಾಂಡ್ ಮೇಲೆ ಇರಿಸತಕ್ಕದ್ದು. ಗೇರನ್ನು ನ್ಯೂಟ್ರಲ್‌ಗೆ ತಂದು, ಪಾರ್ಕಿಂಗ್ ಬ್ರೇಕ್ ಸಡಿಲಿಸಿ, ಎತ್ತಿದ ಚಕ್ರವನ್ನು ಪೂರ್ಣ 2 ಸುತ್ತು ತಿರುಗಿಸಿದಾಗ ಪ್ರೊಪೆಲ್ಲರ್ ಶಾಫ್ಟ್ ಸುತ್ತುವ ಸಂಖ್ಯೆಯೇ ಅನುಪಾತವಾಗಿರುತ್ತದೆ. ಹಬ್‌ನಲ್ಲಿಯೂ ಗೇರ್ ಇರುವ ಆಕ್ಸಲ್‌ಗಳಲ್ಲಿ ಹಲ್ಲುಗಳ ಎಣಿಕೆಯೊಂದೇ ಸಾಲದು.

2. ನಿರ್ವಹಣೆ

ಅ) ಆಯಿಲ್ ಮಟ್ಟವು ತುಂಬುವ ರಂಧ್ರದ ಕೆಳ ಅಂಚಿನವರೆಗೆ ಇರತಕ್ಕದ್ದು. ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಗೇರ್ ಆಯಿಲನ್ನೇ ಬಳಸತಕ್ಕದ್ದು.

ಆ) ಹೌಸಿಂಗ್ ಮೇಲಿನ ಬ್ರೀದರ್ ಅನ್ನು ಸ್ವಚ್ಛವಾಗಿಡತಕ್ಕದ್ದು. ಅದು ಧೂಳಿನಿಂದ ಮುಚ್ಚಿಹೋದರೆ ಒಳಗಿನ ಒತ್ತಡ ಹೆಚ್ಚಿ, ಆಯಿಲ್ ಸೀಲ್ ಮೂಲಕ ಸೋರಿ ಬ್ರೇಕ್ ಲೈನರ್ ಮೇಲೆ ಬೀಳುತ್ತದೆ. ಆಗ ಆ ಚಕ್ರದ ಬ್ರೇಕ್ ಹಿಡಿಯದೆ ಅಪಘಾತ ಸಂಭವಿಸಬಹುದು.

ಇ) ಹಬ್ ಅತಿಯಾಗಿ ಬಿಸಿಯಾಗುವುದು, ವೇಗ ಹೆಚ್ಚಿಸುವಾಗ ಅಥವಾ ಇಳಿಸುವಾಗ ಊಳಿಡುವ ಶಬ್ದ ಬರುವುದು, ಹೊರತೆಗೆದ ಆಯಿಲ್‌ನಲ್ಲಿ ಲೋಹದ ಚೂರುಗಳಿರುವುದು ಬೇರಿಂಗ್ ಅಥವಾ ಗೇರ್ ಸವೆತದ ಸೂಚನೆಗಳಾಗಿವೆ.

ಈ) ಕಮಾನು ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳು ಸಡಿಲವಾಗದಂತೆ ಆಗಾಗ್ಗೆ ಪರಿಶೀಲಿಸತಕ್ಕದ್ದು.

ಸಾರಿಗೆ ವಾಹನಗಳ ಅರ್ಹತಾ ಪತ್ರವನ್ನು 8 ವರ್ಷಗಳವರೆಗೆ 2 ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ನವೀಕರಿಸಬೇಕು. ಮೇಲ್ಕಂಡ ದೋಷಗಳನ್ನು ಪರೀಕ್ಷೆಗೆ ಮುನ್ನವೇ ಸರಿಪಡಿಸಿಕೊಳ್ಳುವುದು ಸೂಕ್ತ.

3. ಸಾಮರ್ಥ್ಯ ಹೆಚ್ಚಳ ಮತ್ತು ಕಾನೂನು

ಹೆಚ್ಚುವರಿ ಕಮಾನು ಪಟ್ಟಿ ಜೋಡಿಸಿದರೆ ಅಥವಾ ದೊಡ್ಡ ವಾಹನದ ಆಕ್ಸಲ್ ಅಳವಡಿಸಿದರೆ ಹೆಚ್ಚು ಸರಕು ಸಾಗಿಸಬಹುದೆಂಬ ಭಾವನೆ ಸರಿಯಲ್ಲ. ಬ್ರೇಕ್, ಟೈರ್, ಚಾಸಿಸ್ ಮತ್ತು ಸ್ಟೀರಿಂಗ್ ಹಿಂದಿನ ಭಾರಕ್ಕೇ ರೂಪಿತವಾಗಿರುತ್ತವೆ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಸುರಕ್ಷಿತ ಆಕ್ಸಲ್ ತೂಕದ ಮಿತಿಯನ್ನು 4 ಟೈರುಗಳ ಒಂಟಿ ಆಕ್ಸಲ್‌ಗೆ 10.2 ಟನ್‌ನಿಂದ 11.5 ಟನ್‌ಗೆ, ಲಾರಿಗಳ ಜೋಡಿ ಆಕ್ಸಲ್‌ಗೆ 19 ಟನ್‌ನಿಂದ 21 ಟನ್‌ಗೆ ಹೆಚ್ಚಿಸಿತು. ಆದಾಗ್ಯೂ, ಮೋಟಾರು ವಾಹನ ಕಾಯ್ದೆ 1988ರ ಕಲಂ 113ರಂತೆ ಆಯಾ ವಾಹನದ ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕವನ್ನು ಮೀರಿ ವಾಹನ ಚಲಾಯಿಸುವಂತಿಲ್ಲ. ಮೀರಿದಲ್ಲಿ ಕಲಂ 194ರಡಿ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್‌ಗೆ ರೂ. 2,000 ದಂಡವಿದ್ದು, ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವೂ ಸೇರುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದರೂ ಸರಕನ್ನೆಲ್ಲ ಹಿಂದಕ್ಕೆ ಪೇರಿಸಿದರೆ ಹಿಂಬದಿ ಆಕ್ಸಲ್‌ನ ಮಿತಿ ಮೀರಬಹುದು.

ಕಲಂ 52ರಂತೆ ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾದ ಬದಲಾವಣೆಗೆ ಅವಕಾಶವಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಬದಲಾವಣೆಗೆ ಕಲಂ 182ಎ ರಡಿ 6 ತಿಂಗಳವರೆಗೆ ಕಾರಾಗೃಹ ಶಿಕ್ಷೆ ಅಥವಾ ಪ್ರತಿ ಬದಲಾವಣೆಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು.

4. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಕೆಟ್ಟ ಆಕ್ಸಲ್‌ಗೆ ಬದಲಾಗಿ ಅದೇ ಮಾದರಿಯ ಆಕ್ಸಲ್ ಹಾಕಿಸುವವರು ಬಿಲ್ಲನ್ನು ಕಾಯ್ದಿಟ್ಟುಕೊಳ್ಳುವುದು. ಅನುಪಾತ ಬದಲಾದಲ್ಲಿ ವೇಗಮಾಪಕ ಹಾಗೂ ವೇಗ ನಿಯಂತ್ರಕ ತಪ್ಪು ವೇಗ ತೋರಬಹುದಾದ್ದರಿಂದ ಅವುಗಳನ್ನು ಮರುಹೊಂದಿಸತಕ್ಕದ್ದು. ನೋಂದಣಿ ಪತ್ರದ ವಿವರ ಬದಲಾಗುವ ಯಾವುದೇ ಕೆಲಸಕ್ಕೆ ಮುನ್ನ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯತಕ್ಕದ್ದು. ಅನುಮೋದಿತ ಬದಲಾವಣೆಯನ್ನು 14 ದಿನಗಳೊಳಗೆ ನೋಂದಣಿ ಪತ್ರ ಹಾಗೂ ನಿಗದಿತ ಶುಲ್ಕದೊಂದಿಗೆ ವರದಿ ಮಾಡತಕ್ಕದ್ದು. ಕೆಎ-17 ಸಂಖ್ಯೆಯ ವಾಹನಗಳ ಮಾಲೀಕರು ದಾವಣಗೆರೆಯ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಸಂಪರ್ಕಿಸಬಹುದಾಗಿದೆ.